ಬಣ್ಣ ಹೋಗುವ ಔಷಧಿ

"ಏ ನೀಲಿ, ಎದ್ದು ಆ ಮೂಲೇಲಿ ಕೂರು. ನಿನ್ನ ಮುಖ ನೋಡ್ತಾ ಯಾರಿಗೆ ಅನ್ನ ಇಳೀತದೆ?"

ಸೋದರಮಾವನ ಮಾತಿಗೆ ಮದುವೆಯ ಪಂಕ್ತಿಯೇ ನಕ್ಕಿತು. ಮೈಯೆಲ್ಲ ನೀಲಿಗಟ್ಟಿದ್ದ ಆ ಯುವಕ ಹಲ್ಲು ಕಚ್ಚಿಕೊಂಡು, ಬಡಿಸಿದ ಎಲೆ ಬಿಟ್ಟು ಎದ್ದ. ಚಪ್ಪರದ ಹೊರಗೆ ಅವ್ವ ಓಡಿಬಂದು ಕೈ ಹಿಡಿದಳು.

"ಅವನ ಬಾಯಿಗೆ ಮಣ್ಣಾಕ. ಬೆಳಿಗ್ಗೆ ಡಾಕ್ಟ್ರು ಏನಂದ್ರು ಮಗ? ಈ ಬಣ್ಣ ಹೋಯ್ತದಂತಾ?"

ಡಾಕ್ಟರು ಅವನನ್ನು ಗದರಿದ್ದರು: "ಔಷಧಿ ಅಂತ ವರ್ಷಗಟ್ಟಲೆ ಬೆಳ್ಳಿ ಬೆರೆಸಿದ ನೀರು ಕುಡಿಸಿ ಮೈಯೆಲ್ಲ ನೀಲಿ ಮಾಡಿದ್ದಾರೆ. ಇನ್ನು ಇದು ಹೋಗಲ್ಲ. ಯಾರಯ್ಯಾ ಕುಡಿಸಿದ್ದು?"

ಅವನು ಅವ್ವನಿಗೆ ಇಲ್ಲವೆಂದು ತಲೆಯಾಡಿಸಿದ. ಅವ್ವ ಸೆರಗಿನ ಮರೆಯಿಂದ ಸೀಸೆ ತೆಗೆದಳು.

"ಡಾಕ್ಟ್ರು ಕೈಬಿಟ್ರೆ ಬಿಡ್ಲಿ. ಚಿಕ್ಕಂದಿನಲ್ಲಿ ನಿನ್ನ ಜೀವ ಉಳಿಸಿದ ಬೆಳ್ಳಿ ನೀರು, ಬಣ್ಣ ತೆಗೀದೇ ಇದ್ದೀತಾ? ತಗೋ."

ಅವಳ ಕಣ್ಣೆದುರೇ ಅದನ್ನು ಕುಡಿದು, ಖಾಲಿ ಸೀಸೆ ಅವಳ ಕೈಗಿಟ್ಟು ನಡೆದುಬಿಟ್ಟ.