ನಡುವಿನ ಗೋಡೆ

ಒಂದೇ ಸರ್ವರಿನಲ್ಲಿ ಹತ್ತಾರು ಕಂಪನಿಗಳ ಪ್ರೋಗ್ರಾಮುಗಳನ್ನು ಬೇರೆಬೇರೆ ಕಂಟೇನರುಗಳೆಂಬ ಮುಚ್ಚಿದ ಕೋಣೆಗಳಲ್ಲಿಟ್ಟು ನಡೆಸುವುದು ಆಕೆಯ ವ್ಯಾಪಾರ. ಔಷಧಿ ಕಂಪನಿಯೊಂದರ ಮಾಲೀಕ ಆಕೆಯ ಹಳೆಯ ಗಿರಾಕಿ. ಒಪ್ಪಂದ ಮುಂದುವರಿಸಲು ಬಂದವನು ಕಾಫಿ ಆರುವ ತನಕ ನಿಯತ್ತಿನ ಮೇಲೆ ಭಾಷಣ ಬಿಗಿದ.

“ನನ್ನ ಕಂಟೇನರಿನಲ್ಲಿ ಏನು ನಡೀತಿದೆ ಅಂತ ಪಕ್ಕದವನಿಗೆ ಸುಳಿವೂ ಸಿಗಬಾರದು, ಮೇಡಂ.”

“ನಡುವೆ ಗೋಡೆ ಇದೆ ಸಾರ್. ಒಳಗಿರೋ ಪ್ರೋಗ್ರಾಮಿಗೆ ಇಡೀ ಯಂತ್ರದಲ್ಲಿ ಇರೋದು ತಾನೊಂದೇ ಅನ್ಸುತ್ತೆ. ನೀವೇ ನೋಡಿ.”

ಆಕೆ ಆತನ ಕಂಟೇನರಿನ ಒಳಗಿಂದ ಕಾಣುವುದನ್ನು ತೆರೆಯ ಮೇಲೆ ತೋರಿಸಿದಳು. ಆತನ ಪ್ರೋಗ್ರಾಮುಗಳ ಸಾಲಿನಲ್ಲೇ ಬೇರೊಬ್ಬರವೂ ಓಡುತ್ತಿದ್ದವು. ಆತ ಕುರ್ಚಿಯಿಂದ ಅರ್ಧ ಎದ್ದ.

“ಇದು ನನ್ನ ಎದುರಾಳಿ ಕಂಪನಿಯವನು ದರ ನಿಗದಿ ಮಾಡೋ ಪ್ರೋಗ್ರಾಂ ಅಲ್ವೇನ್ರೀ!”

“ಅಯ್ಯೋ! ಯಾವುದೋ ದೋಷ ಹುಡುಕೋಕೆ ಅಂತ ನಮ್ಮ ಇಂಜಿನಿಯರು ನಿಮ್ಮಿಬ್ಬರ ನಡುವಿನ ಗೋಡೆ ತೆಗೆದಿದ್ರು. ಮತ್ತೆ ಹಾಕೋದು ಮರೆತಿದ್ದಾರೆ. ಈಗಲೇ ಹಾಕಿಸ್ತೀನಿ.”

“ಹಾಕಿಸಬೇಡಿ.” ನಿಯತ್ತಿನ ಮನುಷ್ಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಹೀಗೇ ಇರಲಿ. ಎಲ್ಲಿ ಸಹಿ ಹಾಕ್ಬೇಕು? ಆದ್ರೆ ಆ ಬಡ್ಡಿಮಗನಿಗೆ ಮಾತ್ರ ಇದು ಗೊತ್ತಾಗಬಾರದು.”

ಸಹಿಯಾದ ಕಾಗದವನ್ನು ಆಕೆ ಡ್ರಾಯರಿನೊಳಗೆ ಸೇರಿಸಿ ಬೀಗ ಹಾಕಿದಳು.

“ಹೋದ ವಾರ ನಿಮ್ಮ ಪ್ರೋಗ್ರಾಂ ನೋಡಿ ಅವರೂ ಇದೇ ಮಾತು ಹೇಳಿ ಸಹಿ ಹಾಕಿದ್ರು, ಸಾರ್.”