‘ಲೇ’ ಅನ್ನದ ಶಾಲೆ

ಹಸಿ ಶೇಂಗಾದ ಮಣ್ಣುವಾಸನೆ ಮೂಗಿಗೆ ಬಡಿದರೆ ಇಂದಿಗೂ ನನಗೆ ಮೂರನೇ ಇಯತ್ತೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಬೈಲಹೊಂಗಲದ ಬಸ್ಸಿಗೆ ಬಂದು ನಮಗೆ ಕಲಿಸುತ್ತಿದ್ದ ಅಕ್ಕೋರು ಶಾಲೆಗೆ ಒಂದು ನಿಯಮ ಹಾಕಿದ್ದರು: ಒಳಗೆ ಯಾರೂ ಯಾರಿಗೂ ‘ಲೇ’ ಅನ್ನುವಂತಿಲ್ಲ, ‘ರಿ’ ಹಚ್ಚಿ ಮಾತಾಡಬೇಕು. ನಮಗೂ ಅವರು ‘ಕುಂದರ್ರಿ, ಬರೀರಿ’ ಎಂದೇ ಹೇಳುತ್ತಿದ್ದರು.

ಅಂದು ಅಪ್ಪ ಹೊಲದಿಂದ ನೆಟ್ಟಗೆ ಬಂದು ಬಾಗಿಲಲ್ಲಿ ನಿಂತ. ಮೊಳಕೈತನಕ ಮಣ್ಣು.

“ಏಳಲೇ! ಶೇಂಗಾ ಕೀಳಾಕ ಆಳು ಸಿಗವಲ್ರು. ಸುಗ್ಗಿ ಮುಗಿಯೂತನಕ ಸಾಲಿ ಸಾಕು.”

ನಾನು ಪಾಟಿ, ಬಳಪ ಚೀಲಕ್ಕೆ ತುರುಕಿದೆ.

“ಯಜಮಾನ್ರ, ಇಲ್ಲಿ ಲೇ ಅನ್ನಂಗಿಲ್ರಿ,” ಎಂದರು ಅಕ್ಕೋರು, ಬಲು ಮೆತ್ತಗೆ. “ರಿ ಹಚ್ಚಿ ಕರೀರಿ.”

ಅಪ್ಪ ಚಪ್ಪಲಿ ಕಳಚಿದ. ನೆಲ ನೋಡಿದ, ನನ್ನನ್ನು ನೋಡಿದ, ಗಂಟಲು ಸರಿಮಾಡಿಕೊಂಡ.

“ಬರ್ತೀರೇನ್ರಿ?”

ಅಪ್ಪ ನನ್ನನ್ನು ಕೇಳಿದ್ದು ಅದೇ ಮೊದಲು. ಅಲ್ಲಿಯತನಕ ಬರೀ ಹೇಳುತ್ತಿದ್ದ.

“ಇಲ್ರಿ ಅಪ್ಪಾ,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅಪ್ಪನಿಗೆ ಕೇಳಿಸಿತ್ತು.

“ಆತ್ರಿ,” ಎಂದ. ಟವಲಿನಲ್ಲಿ ಕಟ್ಟಿಕೊಂಡು ಬಂದಿದ್ದ ಹಸಿ ಶೇಂಗಾವನ್ನು ಹೊಸ್ತಿಲ ಮೇಲೆ ಸುರಿದು, ಚಪ್ಪಲಿ ಕೈಯಲ್ಲೇ ಹಿಡಿದು, ಒಬ್ಬನೇ ಹೊಲದ ಹಾದಿ ಹಿಡಿದ.