ಕೊಳಲಿಗೆ ಜಾಗ

"ಕೊಳಲು ಬೇಕಂದ್ರೆ ಏನಾದ್ರೂ ತೆಗೀಲೇಬೇಕು ಸಾರ್. ತಲೆಯೇನು ಗೋಡೌನಾ?" ತಲೆಗೆ ವಿದ್ಯೆ ತುಂಬುವ ಅಂಗಡಿಯ ಹುಡುಗಿ ನಕ್ಕಳು.

ಬಹುಕಾಲ ಬಳಸದ ಕಂಪ್ಯೂಟರ್ ಕೋಡನ್ನು ಕಣ್ಣುಮುಚ್ಚಿ ಅಳಿಸುವುದು ವೆಬ್‌ಸೈಟ್ ಕಟ್ಟುವ ವಾಮನ ಪ್ರಭುವಿನ ವೃತ್ತಿಧರ್ಮ. ತನ್ನ ತಲೆಯಲ್ಲೂ ಹಾಗೆಯೇ ಬಳಸದೆ ಬಿದ್ದದ್ದನ್ನು ಹುಡುಕಿಸಿದಾಗ ಕೊಂಕಣಿ ಭಾಷೆ ಸಿಕ್ಕಿತು. ಅದನ್ನು ಅವನೊಡನೆ ಆಡುತ್ತಿದ್ದವಳು ತಾಯಿಯೊಬ್ಬಳೇ. ಪಾರ್ಶ್ವವಾಯು ಬಡಿದ ಮೇಲೆ ಅವಳ ಮಾತೂ ನಿಂತಿತ್ತು.

"ಇದನ್ನೇ ತೆಗೀರಿ."

"ವಾಪಸ್ ಬರಲ್ಲ ಸಾರ್."

"ಪರವಾಗಿಲ್ಲ."

ಸಂಜೆ ಮನೆಗೆ ಬಂದಾಗ ತಾಯಿ ಹಾಸಿಗೆಯಲ್ಲಿ ಏದುಸಿರು ಬಿಡುತ್ತಿದ್ದಳು. ಮಗನನ್ನು ಕಂಡದ್ದೇ ಅವನ ಕೈಹಿಡಿದು, ವರ್ಷಗಳ ಮೌನ ಮುರಿದು, ಆತುರಾತುರವಾಗಿ ಏನನ್ನೋ ಬೇಡಿಕೊಂಡಳು. ಅವನಿಗೆ ಒಂದು ಪದವೂ ತಿಳಿಯಲಿಲ್ಲ. ಕನ್ನಡವರಿಯದ ಆ ಜೀವ ಮತ್ತೊಮ್ಮೆ ಅದನ್ನೇ ಬೇಡಿ, ಉತ್ತರಕ್ಕಾಗಿ ಅವನ ಮುಖ ನೋಡಿತು.

"ಹೂಂ ಅಮ್ಮಾ," ಎಂದ ವಾಮನ.

ಆ ಮಾತನ್ನು ನಂಬಿ ತಾಯಿ ನೆಮ್ಮದಿಯಿಂದ ಕಣ್ಣು ಮುಚ್ಚಿದಳು.